ಕನ್ನಿಯಮ್ಮಾಳ್ ಉಳಿದುಕೊಂಡದ್ದು

ಎಂಬತ್ತಮೂರನೆಯ ಇಸವಿ, ತಮಿಳರ ಆನಿ ತಿಂಗಳ ಒಂದು ಬೆಳಗ್ಗೆ, ರಾಟೆಯ ಮುಂದೆ ಕೂತು ನೂಲು ಸುತ್ತುತ್ತಿದ್ದ ಕನ್ನಿಯಮ್ಮಾಳ್ ಬಲಕ್ಕೆ ವಾಲಿ ನೆಲಕ್ಕೆ ಬಿದ್ದಳು. ಬಿದ್ದ ಸದ್ದು ಯಾರಿಗೂ ಕೇಳಿಸಲಿಲ್ಲ. ತಮಿಳುನಾಡಿನ ಸಿರುಮುಗೈಯಲ್ಲಿ, ಕನ್ನಡ ಮಾತಿನ ನೇಕಾರರ ಬೀದಿಯಲ್ಲಿ, ಆ ಹೊತ್ತಿಗೆ ಪ್ರತಿ ಮನೆಯಲ್ಲೂ ಮಗ್ಗ ಬಡಿಯುತ್ತಿರುತ್ತದೆ. ಒಬ್ಬರ ಮಾತು ಇನ್ನೊಬ್ಬರಿಗೆ ಕೇಳಬೇಕಾದರೆ ಕೂಗಿಯೇ ಹೇಳಬೇಕು. ಮಗ ಲಿಂಗಪ್ಪನ್ ಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಕೂತಿದ್ದವನು, ಲಾಳಿಯೊಳಗಿನ ನೂಲು ಮುಗಿದು, "ಅವ್ವಾ, ಇನ್ನೊಂದು ಕಂಡಿಕೆ ಕೊಡು" ಎಂದು ಹಿಂದಕ್ಕೆ ಕೈ ಚಾಚಿದ. ಕೈಗೆ ಏನೂ ಬರಲಿಲ್ಲ. ಆಗ ತಿರುಗಿ ನೋಡಿದ.

ಮೆಟ್ಟುಪಾಳ್ಯಂನ ಆಸ್ಪತ್ರೆಯಲ್ಲಿ ಒಂದು ವಾರ ಇಟ್ಟುಕೊಂಡು ಗ್ಲೂಕೋಸ್ ಏರಿಸಿದರು. ಆಮೇಲೆ ಡಾಕ್ಟರು ಲಿಂಗಪ್ಪನನ್ನು ವರಾಂಡಕ್ಕೆ ಕರೆದು, ವಾತ ಹೊಡೆದಿದೆ, ಬಲಭಾಗ ಪೂರ್ತಿ ಬಿದ್ದುಹೋಗಿದೆ, ಮನೆಗೆ ಕರೆದುಕೊಂಡು ಹೋಗಿ ಚೆನ್ನಾಗಿ ನೋಡಿಕೊಳ್ಳಿ, ನೆಂಟರಿಷ್ಟರಿಗೆ ಹೇಳಿಕಳಿಸುವುದಿದ್ದರೆ ಹೇಳಿಕಳಿಸಿ ಎಂದರು. ಡಾಕ್ಟರು ದನಿ ತಗ್ಗಿಸಿಯೇ ಹೇಳಿದರು. ಆದರೆ ಕಿಟಕಿಯ ಪಕ್ಕದ ಮಂಚದಲ್ಲಿ ಮಲಗಿದ್ದ ಕನ್ನಿಯಮ್ಮಾಳಿಗೆ ಒಂದು ಮಾತೂ ತಪ್ಪದೆ ಕೇಳಿಸಿತು.

ಅವಳಿಗೆ ಎಲ್ಲವೂ ಕೇಳಿಸುತ್ತಿತ್ತು. ಎಲ್ಲವೂ ತಿಳಿಯುತ್ತಿತ್ತು. ಹೇಳಬೇಕಾದ ಮಾತು ತಲೆಯೊಳಗೆ ತಪ್ಪಿಲ್ಲದೆ ಜೋಡಿಸಿಕೊಂಡು ನಿಲ್ಲುತ್ತಿತ್ತು. ಬಾಯಿಗೆ ಬರುವಷ್ಟರಲ್ಲಿ ಗೊರಗೊರ ಎಂಬ ಒಂದು ಸದ್ದಾಗಿ ಹೊರಬೀಳುತ್ತಿತ್ತು. ಆ ಸದ್ದು ಕೇಳಿದವರು ಕಣ್ಣೊರೆಸಿಕೊಂಡು "ಪಾಪ, ಏನೋ ಕೇಳ್ತಾಳೆ" ಎಂದು ಬಾಯಿಗೆ ನೀರು ಬಿಡುತ್ತಿದ್ದರು. ನೀರು ಬೇಡ ಎಂದು ಹೇಳುವುದಕ್ಕೂ ದಾರಿಯಿರಲಿಲ್ಲ. ನುಂಗುತ್ತಿದ್ದಳು.

ಮನೆಯಲ್ಲಿ ಅವಳ ಮಂಚವನ್ನು ಒಳಕೋಣೆಯ ಗೋಡೆಗೆ ಒತ್ತಿ ಹಾಕಿದರು. ಎಡಗೈ ಗೋಡೆಯ ಕಡೆಗೆ, ಬಿದ್ದುಹೋದ ಬಲಗೈ ಹೊರಗಡೆಗೆ. ಆ ಬಲಗೈ ಬರಬರುತ್ತ ಬಿಗಿಯತೊಡಗಿತು. ಅಂಗೈಗೆ ಏನು ತಾಗಿದರೂ ಬೆರಳು ಮಡಚಿ ಹಿಡಿದುಕೊಳ್ಳುವುದು, ಹಿಡಿದದ್ದನ್ನು ಬಿಡದಿರುವುದು. ಸೀರೆಯ ಸೆರಗೋ, ಹೊದಿಕೆಯ ಅಂಚೋ, ಸಿಕ್ಕಿದ್ದು ಸಿಕ್ಕಿಕೊಂಡೇ ಇರುತ್ತಿತ್ತು. ದಿನಾ ಬೆಳಗ್ಗೆ ಮೊಮ್ಮಗಳು ಮಲ್ಲಿಗಾ ಬಿಸಿನೀರಿನಲ್ಲಿ ಬಟ್ಟೆ ಅದ್ದಿ ತಂದು, ಒಂದೊಂದೇ ಬೆರಳನ್ನು ಬಿಡಿಸಿ, ಅಂಗೈ ಒರೆಸಿ ಹೋಗುತ್ತಿದ್ದಳು.

ಮಲ್ಲಿಗಾಳಿಗೆ ಆಗ ಹದಿನೆಂಟು. ಶಾಲೆ ಮುಗಿಸಿ ಮೆಟ್ಟುಪಾಳ್ಯಂಗೆ ಬಸ್ಸಿನಲ್ಲಿ ಹೋಗಿ ಟೈಪಿಂಗ್ ಕಲಿಯುತ್ತಿದ್ದಳು. ಲೋಯರ್ ಪಾಸಾಗಿತ್ತು, ಹೈಯರ್ ಪರೀಕ್ಷೆ ಬಾಕಿಯಿತ್ತು. ಗೆಳತಿಯ ಅಕ್ಕ ಒಬ್ಬಳು ತುಡಿಯಲೂರಿನ ಮೋಟಾರು ಕಂಪನಿಯೊಂದರ ಆಫೀಸಿನಲ್ಲಿದ್ದಳು. ಹೈಯರ್ ಮುಗಿಸಿಕೊಂಡು ಬಾ, ನಾನು ಹೇಳುತ್ತೇನೆ ಎಂದಿದ್ದಳು. ಬೆಳಗ್ಗೆ ಬಸ್ಸು ಹತ್ತಿ ಹೋಗಿ ಸಂಜೆ ಬಸ್ಸಿಳಿದು ಬರುವ ಆ ಕೆಲಸದ ವಿಷಯವನ್ನು ಮಲ್ಲಿಗಾ ಅಜ್ಜಿಗೆ ಎಷ್ಟು ಸಲ ಹೇಳಿದ್ದಳೆಂದರೆ, ತುಡಿಯಲೂರನ್ನು ಬಸ್ಸಿನ ಕಿಟಕಿಯಿಂದಲ್ಲದೆ ನೋಡದ ಕನ್ನಿಯಮ್ಮಾಳಿಗೆ ಆ ಆಫೀಸಿನ ಮೇಜು ಕುರ್ಚಿಯೆಲ್ಲ ಕಣ್ಣಿಗೆ ಕಟ್ಟಿತ್ತು.

ಮಲ್ಲಿಗಾಳ ತಾಯಿ ತಂಗಮ್ಮನಿಗೆ ಒಬ್ಬ ತಮ್ಮನಿದ್ದ, ಗುರುಸಾಮಿ. ವೆಳ್ಳಕೋಯಿಲಿನಲ್ಲಿ ಜವುಳಿ ಅಂಗಡಿ. ತಂದೆತಾಯಿ ಹೋಗಿ, ಒಬ್ಬನೇ ಅಡಿಗೆ ಮಾಡಿಕೊಂಡಿದ್ದ. ಮಲ್ಲಿಗಾ ತೊಟ್ಟಿಲಲ್ಲಿದ್ದಾಗಿನಿಂದಲೂ ಅವಳನ್ನು ಅವನಿಗೇ ಎಂದು ಆಡಿಕೊಳ್ಳುತ್ತಿದ್ದರು. ತಂಗಮ್ಮ ಈ ಎರಡು ವರ್ಷದಿಂದ ಅದನ್ನು ನಿಜವಾಗಿಯೇ ಎತ್ತುತ್ತಿದ್ದಳು. ಕನ್ನಿಯಮ್ಮಾಳ್ ಪ್ರತಿಸಲವೂ ತಡೆದಿದ್ದಳು. "ಹುಡುಗಿ ಒಂದು ವರುಷ ಆಫೀಸು ವೇಲೆಗೆ ಹೋಗಿ ಬರ್ಲಿ. ಅವಳ ಬಾಯಿಂದ ಸೆರಿ ಅಂತ ಬಂದ್ರೆ ಆಮೇಲೆ ನೋಡಾಣ." ಆ ಮನೆಯಲ್ಲಿ ಅವಳ ಮಾತಿನ ಮೇಲೆ ಇನ್ನೊಂದು ಮಾತಿರಲಿಲ್ಲ.

ತಡೆಯುವುದಕ್ಕೆ ಅವಳಿಗೆ ಕಾರಣವಿತ್ತು. ಅವಳು ತಾಳಿ ಕಟ್ಟಿಸಿಕೊಂಡದ್ದು ಅಕ್ಕನ ಗಂಡನಿಂದ. ಅಕ್ಕ ಹೆರಿಗೆಯಲ್ಲಿ ತೀರಿಕೊಂಡ ಮೇಲೆ, ಅಳು ನಿಲ್ಲುವ ಮೊದಲೇ, ಅಕ್ಕನ ಮದುವೆಯ ಕೂರೆಸೀರೆಯನ್ನೇ ಉಡಿಸಿ ಅವಳನ್ನು ಹಸೆಗೆ ಕೂರಿಸಿದ್ದರು. ಸಾವಿನ ಬೆನ್ನಿಗೆ ಬಂದ ಮದುವೆ ಹೇಗಿರುತ್ತದೆ ಎಂದು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಗಂಡ ಕೆಟ್ಟವನಾಗಿರಲಿಲ್ಲ. ಆದರೆ ಒಂದು ಹಬ್ಬಕ್ಕೂ ಮನಬಿಚ್ಚಿ ನಗಲಾಗಲಿಲ್ಲ. ನಕ್ಕರೆ ಅಕ್ಕನ ಪಾಲನ್ನು ಕದ್ದು ತಿಂದಂತೆ ಅನಿಸುತ್ತಿತ್ತು.

ಈಗ ಅವಳ ಮಾತು ಬಿದ್ದುಹೋಗಿತ್ತು. ಮನೆಗೆ ಬಂದು ಎರಡು ದಿನ ಕಳೆದಿಲ್ಲ, ಪಡಸಾಲೆಯಲ್ಲಿ ತಂಗಮ್ಮ ಗಂಡನ ಹತ್ತಿರ ಮಾತೆತ್ತಿದಳು.

"ಅತ್ತೆ ಕಣ್ಣು ಮುಚ್ಚಿದ್ರೆ ವರುಷ ತುಂಬೋವರೆಗೂ ಮನೇಲಿ ನಲ್ಲಕಾರ್ಯ ಮಾಡಂಗಿಲ್ಲ. ಆಮೇಲೆ ತಂಬಿ ಗುರುಸಾಮಿಗೆ ಹೆಣ್ಣು ಕೊಡೋರು ಯಾರು? ಈಗ್ಲೇ ತಲೆ ನರೀತಾ ಇದೆ. ಆಡಿ ತಿಂಗಳು ಹುಟ್ಟಿದ್ರೆ ಕಲ್ಯಾಣ ಮಾಡಂಗಿಲ್ಲ, ಅದಕ್ಕೆ ಮುಂಚೆ ಒಂದು ಮುಹೂರ್ತ ಐತೆ, ಕೇಳಿಸಿದ್ದೀನಿ."

"ಅವ್ವಂಗೆ ಇಷ್ಟ ಇರ್ಲಿಲ್ಲ" ಎಂದ ಲಿಂಗಪ್ಪನ್.

"ಇಷ್ಟ ಇಲ್ದೆ ಏನು? ಆಮೇಲೆ ಮಾಡಾಣ ಅಂದ್ರು, ಅಷ್ಟೆ. ಮೊಮ್ಮಗಳ ಕಲ್ಯಾಣ ನೋಡೋ ಆಸೆ ಯಾರಿಗಿರಲ್ಲ? ಹೋಗೋ ಜೀವ. ನೋಡ್ಕೊಂಡು ನೆಮ್ಮದಿಯಾಗಿ ಹೋಗ್ಲಿ."

ಕನ್ನಿಯಮ್ಮಾಳ್ ಕೂಗಿದಳು. ಇಬ್ಬರೂ ಓಡಿಬಂದರು. ತಂಗಮ್ಮ ಅತ್ತೆಯ ಮುಖದ ಮೇಲೆ ಬಾಗಿ, "ನೋಡಿದ್ರಾ, ಕಲ್ಯಾಣ ಅಂದ ತಕ್ಷಣ ಹೆಂಗೆ ಜೀವ ಬಂತು!" ಎಂದಳು. ಮೋಸ ಮಾಡುವ ದನಿಯಲ್ಲ. ಆ ಹೆಂಗಸು ತಾನಂದದ್ದನ್ನು ಪೂರ್ತಿ ನಂಬಿದ್ದಳು. ಸುಳ್ಳಾಡಿದ್ದರೆ ಎಂದಾದರೂ ಸಿಕ್ಕಿಬೀಳುತ್ತಿದ್ದಳು.

ತಾಯಿ ಬಿದ್ದ ದಿನ ಮಗ್ಗದಲ್ಲಿ ನಿಂತುಹೋಗಿದ್ದ ಸೀರೆಯನ್ನು ಲಿಂಗಪ್ಪನ್ ಮತ್ತೆ ನೇಯತೊಡಗಿದ. ಕುಂಕುಮ ಬಣ್ಣದ ಒಡಲು, ಜರಿಯ ಅಂಚು. ಅರ್ಧಕ್ಕೆ ನಿಂತಿದ್ದ ಅದೇ ಸೀರೆ ಮದುವೆಸೀರೆಯಾಯಿತು. ಮುಂಬಾಗಿಲಿಗೆ ಚಪ್ಪರದ ಕಂಬ ನೆಟ್ಟರು.

ಮದುವೆಗೆ ಮೂರು ದಿನವಿರುವಾಗ, ಮನೆಯವರೆಲ್ಲ ಹೊರಗಿದ್ದ ಮಧ್ಯಾಹ್ನ, ಮಲ್ಲಿಗಾ ಒಳಗೆ ಬಂದು ಮಂಚದ ಪಕ್ಕ ನೆಲಕ್ಕೆ ಕೂತಳು. ಅತ್ತು ಮುಗಿಸಿ ಮುಖ ತೊಳೆದುಕೊಂಡು ಬಂದಿದ್ದಳು.

"ಅಜ್ಜಿ, ನಿನಗೆ ಎಲ್ಲಾ ಕೇಳುತ್ತೆ ಅಂತ ನನಗೊತ್ತು. ಒಂದೇ ಒಂದು ಕೇಳ್ತೀನಿ. ನಾನು ಮಾವನ್ನ ಕಟ್ಟಿಕೊಳ್ಳೋದು ನೀನು ನೋಡಬೇಕಾ? ನೋಡಬೇಕು ಅಂದ್ರೆ ನನ್ನ ಕೈ ಹಿಡ್ಕೊ. ಬೇಡ ಅಂದ್ರೆ ಬಿಟ್ಟುಬಿಡು. ನೀನು ಬಿಟ್ಟರೆ ನಾನೂ ಬೇಡ ಅಂದ್ಬಿಡ್ತೀನಿ."

ಹಾಗೆಂದವಳೇ ತನ್ನ ಕೈಯನ್ನು ಅಜ್ಜಿಯ ಬಲ ಅಂಗೈಯೊಳಗೆ ಇಟ್ಟಳು.

ಬೆರಳುಗಳು ಮಡಚಿಕೊಂಡವು. ಬಿಡು, ಬಿಡು ಎಂದು ಕನ್ನಿಯಮ್ಮಾಳ್ ತನ್ನ ಕೈಗೆ ತಾನೇ ಒಳಗೊಳಗೆ ಕಿರುಚಿಕೊಂಡಳು. ಆ ಕೈ ಅವಳದಾಗಿರಲಿಲ್ಲ. ಗೋಡೆಗೆ ಹೊಡೆದ ಗೂಟದಂತೆ ತನ್ನ ಪಾಡಿಗೆ ತಾನು ಬಿಗಿದುಕೊಳ್ಳುತ್ತ ಹೋಯಿತು. ತಲೆ ಅಲ್ಲಾಡಿಸಲು ಹೋದರೆ ಕತ್ತು ದಿಂಬಿನಿಂದ ಏಳಲಿಲ್ಲ. ಗೋಡೆಯ ಕಡೆಯ ಎಡಗೈಯನ್ನು ಎಳೆದು ಎತ್ತಿ ಬೇಡವೆಂದು ಬೀಸುವಷ್ಟರಲ್ಲಿ ಹುಡುಗಿ ಮುಖವನ್ನು ಹಾಸಿಗೆಗೆ ಒತ್ತಿಕೊಂಡುಬಿಟ್ಟಿದ್ದಳು. ಎತ್ತಿದ ಕೈಯನ್ನು ನೋಡುವವರಿರಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಮಲ್ಲಿಗಾ ತಲೆ ಎತ್ತದೆಯೇ ಅಜ್ಜಿಯ ಬೆರಳುಗಳನ್ನು ಬಿಡಿಸಿಕೊಂಡು ಎದ್ದಳು.

"ಸೆರಿ ಅಜ್ಜಿ" ಎಂದು ಹೊರಟುಹೋದಳು.

ಕನ್ನಿಯಮ್ಮಾಳ್ ಎಡಗೈಯಿಂದ ಗೋಡೆ ಬಡಿದಳು. ತಂಗಮ್ಮ ನೀರು ತಂದಳು.

ಮದುವೆಯ ದಿನ ಮಂಚವನ್ನು ಎತ್ತಿಕೊಂಡು ಬಂದು ಬಾಗಿಲ ಒಳಗೆ ಹಾಕಿದರು. ಗಂಡ ಸತ್ತವಳು ಚಪ್ಪರಕ್ಕೆ ಬರುವಂತಿಲ್ಲ. ಹೊಸ್ತಿಲಿನಾಚೆಯಿಂದ ಹಸೆ ಕಾಣುತ್ತಿತ್ತು. ಕನ್ನಿಯಮ್ಮಾಳ್ ಸುತ್ತಿದ ನೂಲಿನ ಸೀರೆಯಲ್ಲಿ ಮಲ್ಲಿಗಾ ತಲೆ ಬಗ್ಗಿಸಿ ಕೂತಿದ್ದಳು, ಪಕ್ಕದಲ್ಲಿ ಬೆವರೊರೆಸಿಕೊಳ್ಳುತ್ತ ಗುರುಸಾಮಿ. ಹುಡುಗಿ ಬಹಳ ಚೆನ್ನಾಗಿ ಕಾಣುತ್ತಿದ್ದಳು. ಎಷ್ಟು ಚೆನ್ನಾಗಿ ಎಂದರೆ, ಕನ್ನಿಯಮ್ಮಾಳಿಗೆ ಒಂದು ಗಳಿಗೆ ಎಲ್ಲ ಮರೆತು, ಇವಳು ನನ್ನ ಮೊಮ್ಮಗಳು ಎಂದು ಎದೆಯುಬ್ಬಿತು. ಆ ಖುಷಿ ಬಂದದ್ದಕ್ಕೇ ಆಮೇಲೆ ಅವಳಿಗೆ ತನ್ನ ಮೇಲೆ ಸಿಟ್ಟು ಬಂತು. ಗಟ್ಟಿಮೇಳ ಬಾರಿಸಿದಾಗ ಎರಡೂ ಕಣ್ಣಿನಿಂದ ನೀರು ಸುರಿಯಿತು. ಎದುರುಮನೆಯ ಅಮ್ಮಣಿ ಸೆರಗಿನಿಂದ ಅದನ್ನು ಒರೆಸುತ್ತ, "ನೋಡ್ರಮ್ಮಾ, ಎಷ್ಟು ಸಂತೋಷ ಮುದುಕಿಗೆ" ಎಂದು ಎಲ್ಲರಿಗೂ ತೋರಿಸಿದಳು.

ಇನ್ನು ಅವಳು ಸಾಯಬೇಕಾಗಿತ್ತು. ಎಲ್ಲರೂ ಅದಕ್ಕೆ ಸಿದ್ಧರಾಗಿದ್ದರು, ಅವಳೂ ಸಿದ್ಧಳಾಗಿದ್ದಳು. ಆದರೆ ಆಡಿ ಕಳೆಯಿತು, ಆವಣಿ ಕಳೆಯಿತು. ಗಂಜಿ ಒಳಗಿಳಿಯತೊಡಗಿತು. ಒರಗಿಸಿ ಕೂರಿಸಿದರೆ ಕೂರುವಂತಾದಳು. ಬೀದಿಯವರೆಲ್ಲ ಇದು ಕಲ್ಯಾಣದ ಕಾಲ್ಗುಣ ಎಂದರು. ಮಲ್ಲಿಗಾ ತಾಳಿ ಕಟ್ಟಿಸಿಕೊಂಡು ಅಜ್ಜಿಯ ಜೀವ ಹಿಡಿದು ನಿಲ್ಲಿಸಿದಳು ಎಂದರು. ಹೊರಗೆ ಮಗ್ಗಗಳು ಬಡಿಯುತ್ತಿದ್ದವು. ಕನ್ನಿಯಮ್ಮಾಳ್ ಒಳಗೆ ಕೂತು, ಸಾಯುವುದಕ್ಕೂ ಆಗದೆ ಹೇಳುವುದಕ್ಕೂ ಆಗದೆ, ಕೇಳಿಸಿಕೊಳ್ಳುತ್ತಿದ್ದಳು.

ಮದುವೆಯಾದ ಮೇಲಿನ ಮೊದಲ ಹಬ್ಬ, ತಲೆದೀಪಾವಳಿಗೆ ಗಂಡ ಹೆಂಡತಿ ಬಂದರು. ಮಲ್ಲಿಗಾ ಎರಡು ದಿನವೂ ಅಜ್ಜಿಯ ಮುಖ ನೇರ ನೋಡಲಿಲ್ಲ. ಕಾಲೊತ್ತುತ್ತ, ಪಾದದ ಹತ್ತಿರ ಕೂತು, ಗೋಡೆಗೆ ಹೇಳುವಂತೆ ಹೇಳಿದಳು:

"ಮುಂದೆ ಅಂಗಡಿ, ಹಿಂದೆ ಮನೆ, ಅಜ್ಜಿ. ಹಿತ್ತಿಲಿಗೆ ಎತ್ತರದ ಗೋಡೆ. ಹೊರಗೆ ಹೋಗಬೇಕಂದ್ರೆ ಅಂಗಡಿ ದಾಟಿಯೇ ಹೋಗಬೇಕು. ಗಿರಾಕಿಗಳು ಕೂತಿರ್ತಾರೆ, ಎಲ್ಲಾ ತಲೆ ಎತ್ತಿ ನೋಡ್ತಾರೆ. ಮಾವ ಬೇಡ ಅನ್ನಲ್ಲ. ಎಲ್ಲಿಗೆ ಅಂತ ಕೇಳ್ತಾರೆ, ಅಷ್ಟೆ. ಎಲ್ಲಿಗೆ ಅಂತ ಹೇಳೋದಕ್ಕೆ ನನಗೇ ಗೊತ್ತಿಲ್ಲ. ಅದಕ್ಕೆ ಹೋಗೋದೇ ಬಿಟ್ಟೆ. ಅಲ್ಲಿ ನಮ್ಮ ಮಾತಾಡೋರೂ ಇಲ್ಲ. ಮಾವ ಇಡೀ ದಿನ ಅಂಗಡೀಲಿ ತಮಿಳು ಆಡಿ ಆಡಿ, ಒಳಗೆ ಬಂದ ಮೇಲೆ ಯಾವ ಮಾತೂ ಆಡಲ್ಲ. ರೇಡಿಯೋ ಹಾಕ್ತಾರೆ."

ಅವರು ವಾಪಸು ಹೋದ ಮೂರು ನಾಲ್ಕು ದಿನಕ್ಕೆ ತಂಗಮ್ಮ ಎಂದಿನಂತೆ ಗಂಜಿಯ ಬಟ್ಟಲು ತಂದು ಚಮಚ ಎತ್ತಿದಳು. ಕನ್ನಿಯಮ್ಮಾಳ್ ಬಾಯಿ ತೆರೆದಳು.

"ಬೇಡ" ಎಂದಳು.

ಚಮಚ ಕೆಳಗೆ ಬಿತ್ತು. "ಅಯ್ಯೋ ಸಾಮಿ, ಅತ್ತೆ ಮಾತಾಡಿದ್ರು!" ಎಂದು ತಂಗಮ್ಮ ಕೂಗಿಕೊಂಡಳು. ಲಿಂಗಪ್ಪನ್ ಮಗ್ಗದಿಂದ ಎದ್ದು ಓಡಿಬಂದು ತಾಯಿಯ ಕಾಲಬಳಿ ಕೂತು ಮಗುವಿನಂತೆ ಅತ್ತ. "ಇನ್ನೊಂದು ಸಲ ಹೇಳವ್ವಾ." ಬೇಡ, ಬೇಡ, ಬೇಡ ಎಂದು ಅವಳು ಹೇಳುತ್ತಲೇ ಹೋದಳು, ತಿಂಗಳುಗಟ್ಟಲೆ ಗಂಟಲಲ್ಲಿ ಸಿಕ್ಕಿಕೊಂಡಿದ್ದ ಒಂದು ಮಾತು, ಹೊರಬರುವ ಹೊತ್ತಿಗೆ ಗಂಜಿಯ ವಿಷಯವಾಗಿಬಿಟ್ಟಿತ್ತು. ತಂಗಮ್ಮ ಬೀದಿಗೆಲ್ಲ ಸಕ್ಕರೆ ಹಂಚಿದಳು. ಬಂದವರೆಲ್ಲ ನಕ್ಕರು, ಅವಳ ಕೈ ಹಿಡಿದು ಮುದ್ದು ಮಾಡಿದರು. ಅವರ ನಡುವೆ ಕೂತು ಅವಳೂ ನಕ್ಕಳು, ಅತ್ತಳು. ಯಾವುದು ಯಾವುದಕ್ಕೆ ಎಂದು ಅವಳಿಗೇ ಬೇರೆಮಾಡಲಾಗಲಿಲ್ಲ.

ಆಮೇಲೆ ಮಾತು ಒಂದೊಂದಾಗಿ ಬಂತು. ಕಾಲೆಳೆದುಕೊಂಡು ಗೋಡೆ ಹಿಡಿದು ನಡೆಯುವಂತಾದಳು. ಮಾರನೆಯ ವರ್ಷ ಮಲ್ಲಿಗಾ ಬಸುರಾಗಿ, ಏಳನೆಯ ತಿಂಗಳಿಗೆ ಬಳೆ ತೊಡಿಸುವ ಶಾಸ್ತ್ರವಿಟ್ಟುಕೊಂಡು ತವರಿಗೆ ಕರೆತಂದರು. ಅದಕ್ಕೂ ಗಂಡ ಸತ್ತವಳು ಎದುರು ಬರಬಾರದು. ಕನ್ನಿಯಮ್ಮಾಳ್ ಒಳಕೋಣೆಯಲ್ಲಿ ಕೂತು ಬಳೆಗಳ ಸದ್ದನ್ನೂ ಹೆಂಗಸರ ನಗುವನ್ನೂ ಕೇಳಿಸಿಕೊಂಡಳು. ಎಲ್ಲ ಮುಗಿದ ಮೇಲೆ ಮಲ್ಲಿಗಾ ತಾನಾಗಿಯೇ ಒಳಗೆ ಬಂದು ಬಾಗಿಲು ಮರೆಮಾಡಿ, ಎರಡು ಕೈ ತುಂಬ ಗಾಜಿನ ಬಳೆಗಳೊಂದಿಗೆ ಅಜ್ಜಿಯ ಮುಂದೆ ಕೂತಳು.

ಎಷ್ಟೋ ದಿನದಿಂದ ಕನ್ನಿಯಮ್ಮಾಳ್ ಜೋಡಿಸಿಟ್ಟುಕೊಂಡಿದ್ದ ಮಾತದು. ಹೇಳಿದರೆ ಹುಡುಗಿಗೆ ಇರುವ ಒಂದು ಸಮಾಧಾನವೂ ಹೋಗುತ್ತದೆ. ಅಜ್ಜಿಗಾಗಿ ಮಾಡಿದೆ ಎಂದಾದರೂ ಅಂದುಕೊಂಡಿರಬಹುದು. ಹೇಳದಿದ್ದರೆ ತಾನು ಸಾಯುವವರೆಗೂ ಆ ಮುಖದ ಮುಂದೆ ಕೂರಬೇಕು. ಹೇಗೆ ತಿರುಗಿದರೂ ಗೋಡೆಯೇ ಸಿಗುತ್ತಿತ್ತು. ಕೊನೆಗೆ ಬಾಯಿ ತೆರೆದಳು.

"ನನ್ನ ಕಣ್ಣೇ... ಆವತ್ತು... ಈ ಕೈ... ನಾನು ಹಿಡೀಲಿಲ್ಲ. ಅದಾಗೇ... ನನಗೆ ಬೇಡ ಇತ್ತು."

ಮಲ್ಲಿಗಾ ಬಳೆಗಳನ್ನು ಮೇಲೆ ಕೆಳಗೆ ಸರಿಸಿದಳು.

"ಗೊತ್ತು ಅಜ್ಜಿ."

ಕನ್ನಿಯಮ್ಮಾಳ್ ಅವಳನ್ನೇ ನೋಡಿದಳು.

"ದಿನಾ ಬೆಳಗ್ಗೆ ಆ ಬೆರಳು ಬಿಡಿಸ್ತಾ ಇದ್ದವಳು ನಾನಲ್ವಾ? ಏನು ಕೊಟ್ಟರೂ ಹಿಡಿಯುತ್ತೆ ಅಂತ ನನಗೆ ಗೊತ್ತಿರ್ಲಿಲ್ವಾ? ಗೊತ್ತಿದ್ದೇ ಆ ಕೈ ಹಿಡ್ಕೊಂಡೆ. ಎಡಗೈ ಹಿಡ್ಕೊಂಡಿದ್ರೆ ನೀನು ಬಿಟ್ಟುಬಿಡ್ತಿದ್ದೆ. ಆಮೇಲೆ ನಾನು ಹೊರಗೆ ಹೋಗಿ ಅಪ್ಪನ ಎದುರು, ಅಮ್ಮನ ಎದುರು ಬೇಡ ಅನ್ನಬೇಕಾಗಿತ್ತು. ಕಂಬ ನೆಟ್ಟಾಗಿತ್ತು. ನನಗೆ ಧೈರ್ಯ ಇರ್ಲಿಲ್ಲ." ಅವಳ ದನಿ ಸಣ್ಣದಾಯಿತು. "ಹೆಂಗೂ ನೀನು ಹೋಗಿಬಿಡ್ತೀಯ, ಅಜ್ಜಿ ಹೇಳಿದ್ಲು ಅಂತ ಅಂದ್ಕೊಂಡು ಇದ್ದುಬಿಡಬಹುದು ಅಂತಿದ್ದೆ. ನೀನು ನೋಡಿದ್ರೆ ಉಳ್ಕೊಂಡೆ. ಆಮೇಲೆ ನಿನ್ನ ಮುಖ ನೋಡೋಕೇ ಆಗ್ಲಿಲ್ಲ ನನಗೆ."

ಹಾಗೆನ್ನುತ್ತಿದ್ದಂತೆ ಅವಳಿಗೆ ನಗು ಬಂತು. ಬಸುರಿ ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ತುಂಬಿಕೊಂಡು ನಕ್ಕಳು. ಕನ್ನಿಯಮ್ಮಾಳಿಗೆ ಮೊದಲು ಹೊಟ್ಟೆ ಉರಿಯಿತು. ಒಂದು ವರ್ಷ ತಾನು ಒಳಗೊಳಗೇ ಸತ್ತದ್ದು ಇದಕ್ಕಾ ಎನಿಸಿತು. ಆಮೇಲೆ, ಹದಿನೆಂಟು ವರ್ಷದ ಹುಡುಗಿಗೆ ಆಸರೆಗೆಂದು ಮನೆಯಲ್ಲಿ ಸಿಕ್ಕಿದ್ದು ಒಂದು ಸತ್ತ ಕೈ ಮಾತ್ರ ಎಂದು ಹೊಳೆದು, ಆ ಉರಿ ಬೇರೆ ಕಡೆಗೆ ತಿರುಗಿತು. ಎಡಗೈಯಿಂದ ಮೊಮ್ಮಗಳ ತಲೆಯನ್ನು ಎಳೆದು ಮಡಿಲಿಗೆ ಹಾಕಿಕೊಂಡಳು.

ಐಪ್ಪಸಿ ತಿಂಗಳಲ್ಲಿ ಹೆಣ್ಣುಮಗು ಹುಟ್ಟಿತು. ಸಾಂತಿ ಎಂದು ಹೆಸರಿಟ್ಟರು. ಮಗು ನೋಡಲು ಬಂದ ಗುರುಸಾಮಿ ಮಧ್ಯಾಹ್ನದ ಊಟ ಮುಗಿಸಿ ಜಗುಲಿಯ ಮೇಲೆ ಒಬ್ಬನೇ ಕೂತಿದ್ದಾಗ, ಕನ್ನಿಯಮ್ಮಾಳ್ ಗೋಡೆ ಹಿಡಿದುಕೊಂಡು ಬಂದು ಎದುರು ಕೂತಳು. ಅವನೊಡನೆ ಅವಳು ಕೂತು ಮಾತಾಡಿದ್ದು ಅದೇ ಮೊದಲು.

"ಅವಳು... ಟೈಪು ಮುಗಿಸ್ಲಿ. ನಿಮ್ಮೂರಲ್ಲಿ... ಇಲ್ವಾ?"

"ಐತೆ ಅತ್ತೆ. ಬಸ್ ಸ್ಟ್ಯಾಂಡ್ ಹಿಂದೆ." ಗುರುಸಾಮಿ ನೆಲ ನೋಡಿದ. "ಅವಳು ಕೇಳಲೇ ಇಲ್ಲ."

"ನೀನು... ಕೇಳಿದ್ಯಾ?"

ಅವನು ಮೆಲ್ಲಗೆ ಹೇಳಿದ: "ನನ್ನ ಯಾರು ಕೇಳಿದ್ರು ಅತ್ತೆ? ನಾನು ಎತ್ತಿ ಆಡಿಸಿದ ಮಗು ಅದು. ಬೇಡಕ್ಕಾ, ಅವಳಿಗೆ ಬೇರೆ ಕಡೆ ನೋಡು ಅಂತ ಎರಡು ಸಲ ಹೇಳಿದೆ. ಅತ್ತೆಯ ಕಡೇ ಆಸೆ, ಸನ್ನೆ ಮಾಡಿ ತೋರಿಸಿದ್ರು, ಹೋಗೋ ಜೀವದ ಮಾತು ಮೀರಬೇಡ ಅಂತ ಅತ್ತಳು ಅಕ್ಕ. ನಿಮ್ಮ ಮಾತು ಹೆಂಗೆ ಮೀರಲಿ?"

ಕನ್ನಿಯಮ್ಮಾಳ್ ಆಡದ ಮಾತಿನಿಂದ ಎರಡು ಜೀವ ಕಟ್ಟುಬಿದ್ದಿದ್ದವು, ಈಗ ಮೂರನೆಯದೂ ಒಳಗೆ ತೊಟ್ಟಿಲಲ್ಲಿತ್ತು. ಅದನ್ನು ಇನ್ನು ಬಿಚ್ಚುವ ಹಾಗಿಲ್ಲ.

"ಅವಳು ಹೋಗ್ಲಿ" ಎಂದಳು.

"ಹೋಗ್ಲಿ, ನನ್ನದೇನಿಲ್ಲ. ಮಗು ಯಾರು ನೋಡ್ತಾರೆ? ನಾನು ಅಂಗಡಿ ಬಿಟ್ಟು ಒಳಗೆ ಬರೋಕಾಗಲ್ಲ."

"ನಾನು."

ಮನೆಯಲ್ಲಿ ದೊಡ್ಡ ರಗಳೆಯಾಯಿತು. ಮಗ ಗಟ್ಟಿಯಾಗಿರುವಾಗ ತಾಯಿ ಮೊಮ್ಮಗಳ ಗಂಡನ ಮನೆಯಲ್ಲಿ ಹೋಗಿ ಉಣ್ಣುವುದುಂಟೆ ಎಂದು ಲಿಂಗಪ್ಪನ್ ಸಿಟ್ಟಾದ. "ಒಂದು ಕೈಯಲ್ಲಿ ಮಗು ಎತ್ತೋಕಾಗುತ್ತಾ ಅತ್ತೆ? ಬೀದಿಯೋರು ನನ್ನ ಏನಂತಾರೆ, ಸೊಸೆ ಓಡಿಸಿದ್ಲು ಅಂತಾರೆ" ಎಂದು ತಂಗಮ್ಮ ಅತ್ತಳು. ಈ ಸಲ ಕನ್ನಿಯಮ್ಮಾಳಿಗೆ ಮಾತಿತ್ತು. ನಿಧಾನ, ತಡವರಿಕೆ, ಆದರೆ ಇತ್ತು. "ಹೋಗ್ತೀನಿ" ಎಂಬುದನ್ನು ಎಲ್ಲರೂ ಸುಸ್ತಾಗುವವರೆಗೂ ಹೇಳಿದಳು. ಸಂಕ್ರಾಂತಿಗೆ ತೈ ತಿಂಗಳು ಹುಟ್ಟಿದ ಮೇಲೆ ಮಲ್ಲಿಗಾ, ಮಗು, ಗುರುಸಾಮಿಯ ಜೊತೆ ಕನ್ನಿಯಮ್ಮಾಳೂ ಬಸ್ಸು ಹತ್ತಿದಳು.

ವೆಳ್ಳಕೋಯಿಲಿನ ಆ ಮನೆ ಮಲ್ಲಿಗಾ ಹೇಳಿದ್ದಕ್ಕಿಂತ ಇಕ್ಕಟ್ಟಾಗಿತ್ತು. ಗೋಡೆಯ ಮೇಲೆ ಬಿಳಿಬಿಸಿಲು, ಬಾವಿಕಟ್ಟೆಯಷ್ಟು ಹಿತ್ತಿಲು, ಅದರ ಮೇಲೆ ಒಂದು ತುಂಡು ಆಕಾಶ. ಮಗ್ಗದ ಸದ್ದಿಲ್ಲ. ಹುಟ್ಟಿದಾರಭ್ಯ ಆ ಸದ್ದಿನೊಳಗೇ ಬದುಕಿದವಳಿಗೆ ಕಿವಿ ಕಿತ್ತು ಇಟ್ಟಂತಾಯಿತು. ಅಂಗಡಿಯಿಂದ ಬಟ್ಟೆ ಹರಿಯುವ ಸದ್ದು, ಚೌಕಾಸಿಯ ತಮಿಳು ಕೇಳಿಸುತ್ತಿತ್ತು. ಆ ಹೆಂಗಸರಲ್ಲಿ ಒಬ್ಬಳಾದರೂ ಒಳಗೆ ಬಂದು ಕೂರಬಾರದೇ ಎನಿಸುತ್ತಿತ್ತು, ಯಾರೂ ಬರುತ್ತಿರಲಿಲ್ಲ. ಒಂದೊಂದು ದಿನ ಸಿರುಮುಗೈಗೆ ಓಡಿಹೋಗಬೇಕೆನಿಸುತ್ತಿತ್ತು. ಓಡುವ ಕಾಲಲ್ಲ ಅದು. ಅದೂ ಅಲ್ಲದೆ, ಮಧ್ಯಾಹ್ನ ಬಿಸಿಲಿಳಿಯುವ ಹೊತ್ತಿಗೆ ಮಲ್ಲಿಗಾ ತಲೆ ಬಾಚಿಕೊಂಡು, "ಬರ್ತೀನಿ ಅಜ್ಜಿ" ಎಂದು ಅಂಗಡಿ ದಾಟಿ ಹೋಗುವಳು. ಎಲ್ಲಿಗೆ ಎಂದು ಈಗ ಗುರುಸಾಮಿ ಕೇಳುತ್ತಿರಲಿಲ್ಲ. ಗಿರಾಕಿಗಳು ಕೇಳಿದರೆ, "ಕ್ಲಾಸಿಗೆ" ಎಂದು ತಾನೇ ಹೇಳುತ್ತಿದ್ದ.

ಮಗುವನ್ನು ಎತ್ತಲು ಅವಳಿಂದಾಗುತ್ತಿರಲಿಲ್ಲ. ನೆಲಕ್ಕೆ ಚಾಪೆ ಹಾಸಿಕೊಂಡು ಅದರ ಪಕ್ಕ ತಾನೂ ಮಲಗುತ್ತಿದ್ದಳು. ಅದು ಬೋರಲು ಬಿದ್ದದ್ದು, ಅಂಬೆಗಾಲಿಟ್ಟದ್ದು, ಎಲ್ಲವೂ ಅವಳ ಮೂಗಿನ ಮುಂದೆಯೇ ನಡೆಯಿತು. ಮಗು ಅವಳ ಮೈಮೇಲೆ ಹತ್ತಿ ಇಳಿಯುತ್ತ, ಅವಳ ತಡವರಿಕೆಯ ಕನ್ನಡವನ್ನೇ ಕೇಳಿಕೊಂಡು, ತಾನೂ ಗೊರಗೊರ ಅನ್ನುತ್ತಿತ್ತು. ಇಬ್ಬರಿಗೂ ಅರ್ಥವಾಗುತ್ತಿತ್ತು.

ಆಡಿ ಕಳೆದ ಮೇಲೆ ಹೈಯರ್ ಪರೀಕ್ಷೆ ಬಂತು. ಕೇಂದ್ರ ತಾರಾಪುರದಲ್ಲಿ. ಬೆಳಗಿನ ಬಸ್ಸಿಗೆ ಹೆಂಡತಿಯ ಜೊತೆ ಗುರುಸಾಮಿಯೂ ಹೊರಟ; ಅಂಗಡಿಗೆ ಒಂದು ದಿನ ರಜೆ.

"ಅತ್ತೆ, ಒಳಗಿನ ಚಿಲಕ ನಿಮಗೆ ಎಟುಕಲ್ಲ. ಹೊರಗಿಂದ ಬೀಗ ಹಾಕಿ ಕೀಲಿಕೈ ಪಕ್ಕದ ಚೆನ್ನಿಯಪ್ಪನ್ ಹೋಟೆಲಲ್ಲಿ ಕೊಟ್ಟಿರ್ತೀನಿ. ಏನಾದ್ರೂ ಬೇಕಿದ್ರೆ ಹಿತ್ತಿಲಿಂದ ಕೂಗಿ, ಬರ್ತಾರೆ."

ಶಟರ್ ಕೆಳಗಿಳಿಯಿತು, ಬೀಗ ಬಿತ್ತು. ಅಂಗಡಿ ಕತ್ತಲಾಯಿತು. ಮಗು ಗಂಜಿ ಕುಡಿದು, ಅತ್ತು, ನಿದ್ದೆಮಾಡಿ, ಎದ್ದು, ಮತ್ತೆ ಅತ್ತಿತು. ಕನ್ನಿಯಮ್ಮಾಳಿಗೆ ಬಗ್ಗಿ ಬಗ್ಗಿ ಸೊಂಟ ಬಿದ್ದುಹೋಯಿತು. ಒಂದು ಸಲ ಹಿತ್ತಿಲ ಗೋಡೆಯ ಮುಂದೆ ನಿಂತು ಕೂಗೋಣವೆಂದುಕೊಂಡು, ಏನೆಂದು ಕೂಗುವುದೆಂದು ತಿಳಿಯದೆ ವಾಪಸು ಬಂದಳು.

ಮಧ್ಯಾಹ್ನದ ಮೇಲೆ ಹಿತ್ತಿಲ ಬಾಗಿಲಲ್ಲಿ ಬಿಸಿಲಿನ ಒಂದು ಪಟ್ಟೆ ಬಿದ್ದಿತ್ತು. ಸಾಂತಿ ಅದರ ಕಡೆಗೆ ಅಂಬೆಗಾಲಿಕ್ಕಿ ಹೋಯಿತು. ಬಾಗಿಲ ಚೌಕಟ್ಟಿಗೆ ಕೈ ಕೊಟ್ಟು ಎದ್ದಿತು. ಆಮೇಲೆ ಕೈ ಬಿಟ್ಟಿತು.

ಬಿಟ್ಟು ನಿಂತಿತು. ಎರಡು ಕೈಯನ್ನೂ ಗಾಳಿಯಲ್ಲಿ ಹಿಡಿದು, ತೂಗುತ್ತ, ಮುದುಕಿಯ ಕಡೆ ತಿರುಗಿ ಬಾಯಿ ತೆರೆದು ನಕ್ಕಿತು. ಒಂದು ಹೆಜ್ಜೆ ಹಾಕಿತು, ಇನ್ನೊಂದು ಹಾಕಲು ಹೋಗಿ ದೊಪ್ಪನೆ ಕೂತಿತು.

"ಅಯ್ಯೋ ನನ್ನ ಬಂಗಾರ!" ಎಂದು ಕನ್ನಿಯಮ್ಮಾಳ್ ಕೂಗಿದಳು. ಆ ಮಾತು ಎಲ್ಲೂ ತಡೆಯದೆ ಬಂತು. ಕೂಗಿ ಸುತ್ತ ನೋಡಿದಳು. ತೋರಿಸುವುದಕ್ಕೆ ಒಂದು ಪಿಳ್ಳೆಯೂ ಇರಲಿಲ್ಲ. ಬೀಗ ಹಾಕಿದ ಮನೆಯಲ್ಲಿ, ಅಳುತ್ತ ನಗುತ್ತ, ಮಗುವಿನ ಹತ್ತಿರಕ್ಕೆ ತೆವಳಿಕೊಂಡು ಹೋಗಿ ಅದರ ಪಾದಗಳಿಗೆ ಮುಖ ಒತ್ತಿಕೊಂಡಳು.

ಸಂಜೆ ಅವರು ಬಂದಾಗ ಮಲ್ಲಿಗಾಳ ಮುಖ ಬೆವರಿನಲ್ಲೂ ಅರಳಿತ್ತು. "ಚೆನ್ನಾಗಿ ಮಾಡಿದ್ದೀನಿ ಅಜ್ಜಿ. ಒಂದೇ ಒಂದು ಕಡೆ ತಪ್ಪಿರಬೇಕು" ಎಂದಳು. ಗುರುಸಾಮಿ ತಾರಾಪುರದಿಂದ ತಂದ ಹಲ್ವದ ಪೊಟ್ಟಣ ಬಿಚ್ಚಿದ. "ಮಗು ತೊಂದ್ರೆ ಕೊಡ್ತಾ?"

"ಇಲ್ಲ" ಎಂದಳು ಕನ್ನಿಯಮ್ಮಾಳ್. "ಆಡ್ಕೊಂಡಿತ್ತು."

ಎರಡು ದಿನದ ಮೇಲೆ, ಭಾನುವಾರ ಬೆಳಗ್ಗೆ, ಮಲ್ಲಿಗಾ ಅಕ್ಕಿ ಆರಿಸುತ್ತಿದ್ದಳು. ಸಾಂತಿ ಅವಳ ಭುಜ ಹಿಡಿದು ಎದ್ದು, ಬಿಟ್ಟು, ಎರಡು ಹೆಜ್ಜೆ ಹಾಕಿತು.

"ಅಜ್ಜಿ! ಅಜ್ಜೀ, ಇಲ್ಲಿ ನೋಡು! ಮಾವಾ, ಬೇಗ ಬನ್ನಿ, ಮಗು ನಡೀತು! ಇದೇ ಮೊದಲು!" ಮಲ್ಲಿಗಾ ಮೊರ ಬಿಟ್ಟು ಎದ್ದಳು, ಅಕ್ಕಿ ನೆಲದ ತುಂಬ ಚೆಲ್ಲಿತು. ಅಂಗಡಿಯಿಂದ ಗುರುಸಾಮಿ ಗಜಕಡ್ಡಿ ಹಿಡಿದುಕೊಂಡೇ ಓಡಿಬಂದ. ಇಬ್ಬರೂ ಎದುರುಬದುರು ಕೂತು ಕೈ ಚಾಚಿ ಮಗುವನ್ನು ಕರೆದರು. ಅವರಿಬ್ಬರು ಒಟ್ಟಿಗೆ ನಗುವುದನ್ನು ಕನ್ನಿಯಮ್ಮಾಳ್ ಅದುವರೆಗೆ ಕಂಡಿರಲಿಲ್ಲ.

"ಹೌದಾ!" ಎಂದು ಅವಳು ಗೋಡೆ ಹಿಡಿದುಕೊಂಡು ಬಂದು, ಕಣ್ಣರಳಿಸಿ ನೋಡಿದಳು. "ಎಲ್ಲಿ, ಎಲ್ಲಿ, ಇನ್ನೊಂದು ಸಲ?"